ನನ್ನ ಮಗ ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ

ಯಾವ ಶಾಲೆ ನನ್ನ ಮಗನನ್ನು ವೇದಿಕೆ ಮೇಲೆ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿತೋ, ಅದೇ ಶಾಲೆಯಲ್ಲಿ ಅವನಿಗೆ ಉಚ್ಚೆ ಹೊಯ್ಯಲು ಜಾಗವಿರಲಿಲ್ಲ. ಮಾತು ಒರಟಾಯಿತು ಅನ್ನಿಸಿದವರು ಇಲ್ಲಿಗೇ ಓದು ನಿಲ್ಲಿಸಬಹುದು. ನಾನು ಬ್ಯಾಡಗಿಯಲ್ಲಿ ಗಂಡನ ಜೊತೆ ಕಿರಾಣಿ ಅಂಗಡಿ ನಡೆಸುವ ಹೆಂಗಸು. ನುಚ್ಚಕ್ಕಿಗೆ ನುಚ್ಚಕ್ಕಿ ಎಂದೇ ಹೇಳಿ ಮಾರಿದವಳು, ಉಚ್ಚೆಗೂ ಬೇರೆ ಹೆಸರು ಹುಡುಕುವುದಿಲ್ಲ.

ಮಗನಿಗೆ ಇರುವುದು ಮೈಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುವ ರೋಗ. ಮೊದಲು ಓಡುವಾಗ ಬೀಳುತ್ತಿದ್ದ, ಆಮೇಲೆ ನಡೆಯುವಾಗ. ಕಡೆಕಡೆಗೆ ನೆಲದಿಂದ ಏಳಬೇಕಾದರೆ ತನ್ನ ತೊಡೆಗಳನ್ನೇ ಕೈಯಿಂದ ಹಿಡಿದು ಹಿಡಿದು ಮೇಲೆ ಏರುತ್ತಿದ್ದ. ಐದನೆಯ ತರಗತಿ ಮುಗಿಯುವ ಹೊತ್ತಿಗೆ ಗಾಲಿ ಕುರ್ಚಿಗೆ ಬಂದ. ಈ ರೋಗ ಕಾಲಿಗೆ ನಿಲ್ಲುವುದಿಲ್ಲ, ಮುಂದೆ ಎದೆಗೂ ಬರುತ್ತದೆ, ಮುಪ್ಪಿನವರೆಗೆ ಆಯುಷ್ಯ ಎಣಿಸಬೇಡಿ ಎಂದು ಡಾಕ್ಟರು ನಮಗೆ ಹೇಳಿಯೂ ಆಗಿತ್ತು. ಅದನ್ನು ಕೇಳಿಕೊಂಡು ಮನೆಗೆ ಬಂದ ದಿನ ನಾನು ಅತ್ತೆ. ಆ ಅಳುವಿನ ಲೆಕ್ಕ ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಸಿಟ್ಟಿನ ಮಾತು.

ರೋಗದ ಸುದ್ದಿ ಹರಡಿದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಸಲಹೆ ತಂದರು. ಶಾಲೆ ಬಿಡಿಸಿ. ಅಗಡಿಯಿಂದ ನನ್ನ ತವರಿನ ಕಾಕಾ ಬಂದಿದ್ದರು. ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿಯುತ್ತಾ, "ಓದಿ ಯಾವ ಆಫೀಸರ್ ಆಗಾಂವ ಅದಾನವಾ? ಇದ್ದಷ್ಟು ದಿನ ಮನ್ಯಾಗ ಆರಾಮ ಇರ್ಲಿ ಬಿಡು" ಎಂದರು.

"ಕಾಕಾ, ನಿಮ್ಮ ಮಗ ಓದಿ ಯಾವ ಆಫೀಸರ್ ಆಗ್ಯಾನ್ರಿ? ಅವನ್ನೂ ಆಗ ಬಿಡಿಸಬೇಕಿತ್ತಲ್ಲ" ಎಂದೆ. ಕಾಕಾ ಬಸಿ ಕೆಳಗಿಟ್ಟು ಎದ್ದರು. ಆಮೇಲೆ ಆರು ತಿಂಗಳು ನಮ್ಮ ಮನೆಗೆ ಕಾಲಿಡಲಿಲ್ಲ, ನನಗೇನೂ ಬೇಜಾರಾಗಲಿಲ್ಲ.

ಇದ್ದಷ್ಟು ದಿನ, ಇದ್ದಷ್ಟು ದಿನ. ಈ ಮಾತು ಕೇಳಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಇದ್ದಷ್ಟು ದಿನ ಅಂದರೆ ಹಾಸಿಗೆ ಮೇಲೆ ಕೂತು ಟಿವಿ ನೋಡುವ ದಿನಗಳೇ? ಆ ದಿನಗಳಲ್ಲಿ ಸೋಮವಾರಗಳು ಇಲ್ಲವೇ, ಗಣಿತದ ಪಿರಿಯಡ್ ಇಲ್ಲವೇ, ಬಿಸಿಯೂಟದ ಸಾರಿನಲ್ಲಿ ನನಗೆ ತರಕಾರಿಯೇ ಬರಲಿಲ್ಲ ಎಂದು ಪಕ್ಕದವನ ಜೊತೆ ಮಾಡುವ ಜಗಳ ಇಲ್ಲವೇ? ಆಯುಷ್ಯ ಕಡಿಮೆ ಇರುವವನಿಗೆ ಎಲ್ಲವನ್ನೂ ಬೇಗ ಬೇಗ ಕೊಡಬೇಕು. ನಮ್ಮ ಜನ ಎಲ್ಲವನ್ನೂ ಬೇಗ ಬೇಗ ಕಿತ್ತುಕೊಳ್ಳಲು ನೋಡುತ್ತಾರೆ, ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತಾರೆ.

ನಮ್ಮ ಅತ್ತೆ ಮಾತ್ರ ಶಾಲೆ ಬಿಡಿಸು ಎನ್ನಲಿಲ್ಲ. ಆಕೆ ಪ್ರತಿ ಶನಿವಾರ ಮೊಮ್ಮಗನನ್ನು ಕದರಮಂಡಲಗಿಯ ಗುಡಿಗೆ ಕರೆದೊಯ್ಯುತ್ತಿದ್ದಳು. ಆಂಜನೇಯನಿಂದ ಕಾಲು ಬರುತ್ತದೆಂದು ನಾನು ನಂಬಿರಲಿಲ್ಲ, ಆದರೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕುರ್ಚಿ ಕಂಡ ಕೂಡಲೇ ಗುರುತು ಪರಿಚಯ ಇಲ್ಲದ ನಾಲ್ಕು ಮಂದಿ ಬಂದು, "ಹಿಡೀರಿ, ಹಿಡೀರಿ" ಎಂದು ಎತ್ತಿ ಒಳಗೆ ಒಯ್ಯುತ್ತಿದ್ದರು. ಈ ಹುಡುಗ ದರ್ಶನ ಮಾಡಿ ಏನು ಮಾಡುತ್ತಾನೆ ಎಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆ ಕೇಳುವುದು ಶಾಲೆಯಲ್ಲಿ ಮಾತ್ರ.

ಕೇಳಿದ್ದು ಮೊದಲು ರಾಣೆಬೆನ್ನೂರಿನಲ್ಲಿ. ಅಲ್ಲಿಯ ಒಂದು ದೊಡ್ಡ ಖಾಸಗಿ ಶಾಲೆಯ ಕಟ್ಟಡಕ್ಕೆ ಮೆಟ್ಟಿಲುಗಳಿಲ್ಲ, ಬಾಗಿಲುಗಳು ಅಗಲವಾಗಿವೆ ಎಂದು ಯಾರೋ ಹೇಳಿದ್ದರಿಂದ ಹೋಗಿದ್ದೆವು. ದಿನಾ ಇಲ್ಲಿಂದ ವ್ಯಾನಿನಲ್ಲಿ ಕಳಿಸಲೂ ಸಿದ್ಧವಿದ್ದೆವು. ಬಾಗಿಲುಗಳು ನಿಜಕ್ಕೂ ಅಗಲವಾಗಿದ್ದವು. ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಮಗನ ಕೆನ್ನೆ ಸವರಿದರು, ಅಂಕಪಟ್ಟಿ ನೋಡಿ ಹೊಗಳಿದರು. ಆಮೇಲೆ ಪ್ರಿನ್ಸಿಪಾಲ್ ಮೇಡಂ ಮೆತ್ತಗೆ, "ಉಳಿದ ಮಕ್ಕಳ ಪಾಲಕರು ಒಪ್ಪಂಗಿಲ್ರಿ. ದಿನಾ ಇಂಥಾದ್ದು ಕಣ್ಣಮುಂದ ನೋಡಿದ್ರ ಮಕ್ಕಳ ಮನಸಿಗೆ ತ್ರಾಸ ಆಕ್ಕೈತಿ" ಎಂದರು.

ಇಂಥಾದ್ದು! ನನ್ನ ಮಗ ಅಲ್ಲೇ ಕೂತಿದ್ದ. ಕಿವಿ ಅವನಿಗೆ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಕಾಫಿ ಕುಡಿಯದೆ ಎದ್ದೆ. ಹೊರಗೆ ಬಂದ ಮೇಲೆ ಅವನು, "ಯವ್ವಾ, ಕಾಫಿ ಯಾಕ ಬಿಟ್ಟಿ? ನನಗರ ಕೊಡಬೇಕಿತ್ತು" ಎಂದ. ಅವನಿಗೆ ನಗಿಸುವ ಚಾಳಿ. ನಾನು ಅವತ್ತು ನಗಲಿಲ್ಲ.

ಹಾಗಾಗಿ ಅವನು ಮೊದಲಿನಿಂದ ಓದಿದ ಬ್ಯಾಡಗಿಯ ಸರ್ಕಾರಿ ಶಾಲೆಯಲ್ಲೇ ಉಳಿದ. ಅಲ್ಲಿಯ ಹೆಡ್ ಮಾಸ್ತರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಅವರು ಕೈಮುಗಿದು ಮಾತಾಡುವವರು, ಕಣ್ಣಲ್ಲಿ ನೀರು ತಂದುಕೊಳ್ಳುವವರು, ಯಾವುದಕ್ಕೂ ಇಲ್ಲ ಎನ್ನದೆ ಯಾವುದನ್ನೂ ಮಾಡದವರು. ಏಳನೆಯ ತರಗತಿಯಲ್ಲಿ ಅವರೊಂದು ಉಪಾಯ ತಂದರು. ಮಗನ ಹೆಸರು ಶಾಲೆಯಲ್ಲೇ ಇರುತ್ತದೆ, ಅವನು ಮನೆಯಲ್ಲೇ ಇರಲಿ, ವಾರಕ್ಕೊಮ್ಮೆ ಒಬ್ಬ ಟೀಚರು ಮನೆಗೇ ಬಂದು ಕಲಿಸುತ್ತಾರೆ. ತೀವ್ರ ಅಂಗವೈಕಲ್ಯ ಇರುವ ಮಕ್ಕಳಿಗೆ ಸರ್ಕಾರ ಮಾಡಿದ ವ್ಯವಸ್ಥೆಯಂತೆ. ಹಾಸಿಗೆಯಿಂದ ಏಳಲಾಗದ ಮಗುವಿಗೆ ಅದು ವರವೇ ಇರಬಹುದು. ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು, "ಟೈಮ್ ಆತು, ಟೈಮ್ ಆತು" ಎಂದು ಮನೆಯವರ ಜೀವ ತಿನ್ನುವ ಹುಡುಗನಿಗೆ ಯಾಕೆ?

ಒಂದು ಸಲ ನೋಡೋಣ ಎಂದು ಗಂಡ ಒಪ್ಪಿಸಿದರು. ಟೀಚರು ಬಂದಳು, ಚಿಕ್ಕ ವಯಸ್ಸಿನ ಹುಡುಗಿ, ಬಿಸಿಲಲ್ಲಿ ಬಸ್ಸಿಗೆ ನಿಂತು ಬೆವತಿದ್ದಳು. ಚೀಲದಿಂದ ಬಣ್ಣದ ಮಣಿಗಳನ್ನು ತೆಗೆದು ದಾರಕ್ಕೆ ಪೋಣಿಸು ಎಂದಳು. ಆಮೇಲೆ ಹಣ್ಣುಗಳ ಚಿತ್ರ ತೆಗೆದು, "ಇದು ಏನು ಪುಟ್ಟಾ?" ಎಂದು ಕೇಳಿದಳು. ಹಿಂದಿನ ದಿನ ತರಗತಿಯಲ್ಲಿ ಬೀಜಗಣಿತದ ಲೆಕ್ಕ ಎಲ್ಲರಿಗಿಂತ ಮೊದಲು ಬಿಡಿಸಿದ್ದವನು ಆ ಚಿತ್ರವನ್ನೂ ಆಕೆಯನ್ನೂ ನೋಡಿದ.

"ಬಾಳಿಹಣ್ರಿ ಟೀಚರ್. ರೋಗ ನನಗ ಕಾಲಿಗೆ ಬಂದೈತ್ರಿ, ತಲಿಗಲ್ಲ."

ಪಾಪ, ಆಕೆಯ ಮುಖ ಇಳಿದುಹೋಯಿತು. ಅವನ ಹೆಸರಿನ ಮುಂದೆ ತೀವ್ರ ಎಂದು ಬರೆದಿದ್ದರು, ತೀವ್ರ ಮಕ್ಕಳಿಗೆ ಕೊಡುವ ಚೀಲ ಹೊತ್ತು ಬಂದಿದ್ದಳು. ಆಕೆಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಮರುದಿನ ಮಗನನ್ನು ಮತ್ತೆ ಶಾಲೆಗೇ ತಳ್ಳಿಕೊಂಡು ಹೋದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಸನ್ಮಾನ. ಅಂಗವಿಕಲರ ದಿನ ಎಂದು ಶಾಲೆಯಲ್ಲಿ ಶಾಮಿಯಾನ ಹಾಕಿ, ಮೈಕು ಕಟ್ಟಿ, ದೊಡ್ಡವರನ್ನು ಕರೆಸಿದ್ದರು. ಈಗ ಅಂಗವಿಕಲ ಅನ್ನಬಾರದು. ವಿಕಲಚೇತನ ಆಯಿತು, ಆಮೇಲೆ ವಿಶೇಷಚೇತನ ಆಯಿತು. ಹೆಸರು ಬದಲಾದಷ್ಟು ಸಲ ಬಾಗಿಲು ಒಂದೊಂದು ಗೇಣು ಅಗಲವಾಗಿದ್ದರೆ ಇಷ್ಟರಲ್ಲಿ ಎತ್ತಿನ ಗಾಡಿ ಹೋಗುವಷ್ಟು ಆಗುತ್ತಿತ್ತು. ಒಬ್ಬ ಅತಿಥಿ ಭಾಷಣದಲ್ಲಿ ಇವರು ದೇವರ ಮಕ್ಕಳು ಎಂದರು. ನನ್ನ ಗಂಡ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಮಗನಿಗೆ ಶಾಲು ಹೊದಿಸಿದರು, ಫೋಟೋ ತೆಗೆದರು, ಚಪ್ಪಾಳೆ ಹೊಡೆದರು. ಅವನು ಏನು ಸಾಧನೆ ಮಾಡಿದ್ದಕ್ಕೆ ಎಂದು ಯಾರೂ ಹೇಳಲಿಲ್ಲ. ಮಾಡಿದ ಸಾಧನೆ ಏನೆಂದು ನನಗೇ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಮೆಣಸಿನಕಾಯಿ ಸೀಜನ್ನಿನಲ್ಲಿ.

ಸಂಕ್ರಾಂತಿ ದಾಟಿದ ಮೇಲೆ ನಮ್ಮೂರಿನ ಗಾಳಿಯೇ ಬೇರೆ. ಪೇಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತವೆ, ಘಾಟು ಊರೆಲ್ಲ ಅಡರುತ್ತದೆ. ಹೊರಗಿನವರು ಬಸ್ಸಿಳಿದು ಸೀನುತ್ತಾರೆ, ನಾವು ಅವರನ್ನು ನೋಡಿ ನಗುತ್ತೇವೆ. ಆದರೆ ಗಂಟಲು ನಮಗೂ ಒಣಗುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಅಂಗಡಿಯ ಮುಂದಿನ ಮಡಕೆಯನ್ನು ಎಷ್ಟು ಸಲ ತುಂಬಿಸಿದರೂ ಸಾಲುವುದಿಲ್ಲ. ಅಂಥ ದಿನಗಳಲ್ಲೇ ಮಗನಿಗೆ ಚಳಿಜ್ವರ ಹತ್ತಿತು, ಕಿಬ್ಬೊಟ್ಟೆ ಹಿಡಿದುಕೊಂಡು ನರಳಿದ. ಹಾವೇರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು, ಕಿಡ್ನಿಗೆ ಏರುವುದರಲ್ಲಿತ್ತು ಎಂದರು. ನನ್ನನ್ನು ನೋಡಿ, "ಹುಡುಗಗ ನೀರು ಕೊಡಂಗಿಲ್ಲೇನ್ರಿ ನೀವು?" ಎಂದು ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದ. "ಅವ್ವ ಕೊಡ್ತಾಳ್ರಿ. ನಾನ ಸಾಲ್ಯಾಗ ಕುಡಿಯಂಗಿಲ್ಲ. ಕುಡಿದ್ರ ಹೋಗಬೇಕಾಕ್ಕೈತಿ, ಹೋಗಾಕ ಜಾಗ ಇಲ್ರಿ."

ಹುಡುಗರ ಪಾಯಖಾನೆಗೆ ಎತ್ತರದ ಕಟ್ಟೆ, ಕುರ್ಚಿ ಹೋಗದ ಬಾಗಿಲು, ಒಳಗೆ ಕುಕ್ಕರುಗಾಲಲ್ಲಿ ಕೂರುವ ಬೇಸಿನ್. ಆರನೆಯ ತರಗತಿಯವರೆಗೆ ಗೆಳೆಯರು ಎತ್ತಿ ಹಿಡಿಯುತ್ತಿದ್ದರಂತೆ. ದೊಡ್ಡವನಾದ ಮೇಲೆ ಅವನಿಗೆ ನಾಚಿಕೆ ಬಂತು, ಬೇಡ ಎಂದ. ಬೆಳಿಗ್ಗೆ ಮನೆಯಲ್ಲಿ ಒಂದು ಗುಟುಕು ಚಹಾ ಕುಡಿದರೆ ಸಂಜೆ ಮನೆಗೆ ಬರುವವರೆಗೆ ತುಟಿ ಒದ್ದೆ ಮಾಡುತ್ತಿರಲಿಲ್ಲ. ಉಪ್ಪು ಖಾರದ ಬಿಸಿಯೂಟ ಉಂಡು, ಘಾಟಿನ ಗಾಳಿ ಕುಡಿದು, ಗೆಳೆಯರು ನಲ್ಲಿಗೆ ಬಾಯಿಟ್ಟು ನೀರು ಕುಡಿಯುವುದನ್ನು ನೋಡುತ್ತಾ ಕೂತಿರುತ್ತಿದ್ದ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ಸಾಲಿ ಬಿಡಸ್ತೀರಿ ಅಂತ" ಎಂದ.

ಹಾವೇರಿಯಿಂದ ಬರುವ ದಾರಿಯುದ್ದಕ್ಕೂ ಸಿಟ್ಟಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಇಂಥ ಶಾಲೆಗಾಗಿ ಒಂದು ಮಗು ತನ್ನ ಮೂತ್ರಪಿಂಡ ಪಣಕ್ಕಿಟ್ಟಿತ್ತು. ಶಾಲು ಹೊದಿಸುವುದಾದರೆ ಇದಕ್ಕೆ ಹೊದಿಸಬೇಕಿತ್ತು.

ಅದಕ್ಕಿಂತ ದೊಡ್ಡ ಸಿಟ್ಟು ಇನ್ನೂ ಬಾಕಿಯಿತ್ತು. ಮಗ ಹುಷಾರಾದ ಮೇಲೆ ಶಾಲೆಗೆ ಹೋಗಿ ಸುತ್ತ ನೋಡಿದೆ. ಹೆಡ್ ಮಾಸ್ತರರ ಕೋಣೆಯ ಆಚೆ, ಮೂಲೆಯಲ್ಲಿ, ಬಣ್ಣ ಬಳಿದ ಒಂದು ಚೊಕ್ಕ ಕೋಣೆ. ಮುಂದೆ ಇಳಿಜಾರು, ಅಗಲ ಬಾಗಿಲು, ಬಾಗಿಲ ಮೇಲೆ ಗಾಲಿ ಕುರ್ಚಿಯ ಚಿತ್ರ, ಕೆಳಗೆ ವಿಶೇಷಚೇತನ ಮಕ್ಕಳ ಶೌಚಾಲಯ ಎಂದು ದೊಡ್ಡ ಅಕ್ಷರ. ಬಾಗಿಲಿಗೆ ಅಂಗೈಯಗಲದ ಬೀಗ, ನಮ್ಮ ಕಡೆ ಕೀಲಿ ಅನ್ನುವುದು. ಇಡೀ ಶಾಲೆಯಲ್ಲಿ ಗಾಲಿ ಕುರ್ಚಿಯ ಮೇಲಿದ್ದವನು ನನ್ನ ಮಗನೊಬ್ಬನೇ. ಅವನಿಗೆಂದೇ ಕಟ್ಟಿದ ಕೋಣೆಯ ಮುಂದೆ ಅವನು ದಿನಾ ಹಾದುಹೋಗುತ್ತಿದ್ದ, ಒಣ ಬಾಯಲ್ಲಿ.

"ಕೀಲಿಕೈ ಕೊಡ್ರಿ ಸರ್" ಎಂದೆ.

ಹೆಡ್ ಮಾಸ್ತರು ಕೈಮುಗಿದರು. "ಅಕ್ಕಾರ, ಅದು ಮಾಡೆಲ್ ಶೌಚಾಲಯ ಐತ್ರಿ. ತಗದು ಬಿಟ್ರ ಎಲ್ಲಾ ಹುಡುಗ್ರೂ ನುಗ್ಗಿ ಹೊಲಸು ಮಾಡ್ತಾರ. ಸಾಹೇಬ್ರು ನೋಡಾಕ ಬಂದಾಗ ಏನ್ ತೋರಸೂದ್ರಿ?"

"ನನ್ನ ಮಗನ್ನ ತೋರಸ್ರಿ. ಅವನ ಸಲುವಾಗಿ ಕಟ್ಟಿದ್ದು ಅಂತ ಬಾಗಲದ ಮ್ಯಾಲೆ ನೀವ ಬರಸೀರಿ."

"ಖರೇ ಅಕ್ಕಾರ, ಆದ್ರ ಒಬ್ಬನ ಸಲುವಾಗಿ ದಿನಾ ತಗದು, ತೊಳದು, ಹಾಕೂದು ಅಂದ್ರ... ಒಂದ್ ಕೆಲಸಾ ಮಾಡ್ರಿ. ಒಂದ್ ಬಾಟ್ಲಿ ಕೊಟ್ಟ ಕಳಸ್ರಿ. ಬೇಕಂದಾಗ ಹುಡುಗ್ರು ಕಟ್ಟಡದ ಹಿಂದ ಒಯ್ತಾರ."

"ನಿಮ್ಮ ಮಗನ್ನ ಹಂಗ ಬಾಟ್ಲಿ ಕೊಟ್ಟು ಕಟ್ಟಡದ ಹಿಂದ ಕುಂದ್ರಸ್ತೀರೇನ್ರಿ?"

ಅವರು ಮತ್ತೆ ಕೈಮುಗಿದರು. ಸೋಮವಾರ ನೋಡೋಣ ಎಂದರು. ಸೋಮವಾರ ಹೋದರೆ ಕೀಲಿಕೈ ಇಟ್ಟುಕೊಂಡ ಮಾಸ್ತರು ರಜೆ ಎಂದರು. ಆ ಮಾಸ್ತರು ರಜೆಯಿಂದ ಬಂದ ಮೇಲೆ, ಮೀಟಿಂಗಿನಲ್ಲಿಟ್ಟು ಎಲ್ಲರೂ ಸೇರಿ ತೀರ್ಮಾನ ಮಾಡಬೇಕು ಎಂದರು. ಒಂದು ಮಗು ಉಚ್ಚೆ ಹೊಯ್ಯಬೇಕೋ ಬೇಡವೋ ಎಂದು ಮೀಟಿಂಗು! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಯಾರೋ ಇಂಥ ಬಾಗಿಲ ಮುಂದೆ ನಿಂತೇ ಹೇಳಿರಬೇಕು.

ನನ್ನ ಗಂಡ ಜಗಳಗಂಟರಲ್ಲ. "ಊರಾಗ ಅಂಗಡಿ ಇಟ್ಕೊಂಡ್ ಕುಂತೇವಿ, ಎಲ್ಲಾರ ಜೋಡಿ ಚೊಲೋ ಇರಬೇಕು" ಅನ್ನುವುದು ಅವರ ಜಪ. ವ್ಯಾಪಾರಸ್ಥನ ನಾಲಿಗೆಗೆ ಸಕ್ಕರೆ ಇರಬೇಕು ಎಂದು ನನಗೇ ಎಷ್ಟೋ ಸಲ ಬುದ್ಧಿ ಹೇಳಿದ್ದರು. ಮೀಟಿಂಗು ಮುಂದಕ್ಕೆ ಹೋಗಿದೆ ಎಂಬ ಸುದ್ದಿ ಬಂದ ದಿನ ನಾನು ಅಂಗಡಿಯ ಮೂಲೆಗೆ ಹೋದೆ. ಎಲೆಕ್ಟ್ರಿಕ್ ತಕ್ಕಡಿ ಬಂದ ಮೇಲೆ ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಅಲ್ಲಿ ಬಿದ್ದಿದ್ದವು. ಎರಡು ಕಿಲೋದ ಕಲ್ಲನ್ನು ಕೈಚೀಲಕ್ಕೆ ಹಾಕಿಕೊಂಡೆ. ಗಂಡ ಗಲ್ಲಾದ ಮುಂದೆ ಕೂತು ನೋಡುತ್ತಿದ್ದರು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ಅದು ಸಣ್ಣದಾತು. ಐದು ಕಿಲೋದ್ದು ಒಯ್ಯಿ" ಎಂದರು.

ಹದಿನಾರು ವರ್ಷದ ಸಂಸಾರದಲ್ಲಿ ಅಷ್ಟು ಪ್ರೀತಿಯ ಮಾತನ್ನು ಅವರು ಇನ್ನೊಂದು ಆಡಿಲ್ಲ.

ಹುಡುಗರು ಊಟಕ್ಕೆ ಬಿಟ್ಟ ಹೊತ್ತು. ಯಾರನ್ನೂ ಕೇಳಲಿಲ್ಲ. ಸೀದಾ ಹೋಗಿ ಕೀಲಿಯ ಮೇಲೆ ಕಲ್ಲು ಎತ್ತಿ ಹಾಕಿದೆ. ಮೊದಲ ಪೆಟ್ಟಿಗೆ ಬಣ್ಣ ಹಾರಿತು, ನಾಲ್ಕೈದು ಪೆಟ್ಟಿಗೆ ಕೊಂಡಿಯೇ ಕಿತ್ತು ಬಂತು. ಸದ್ದಿಗೆ ತಟ್ಟೆ ಹಿಡಿದ ಮಕ್ಕಳೆಲ್ಲ ಓಡಿ ಬಂದರು. ಒಳಗೆ ಬಿಳಿ ಕಮೋಡು, ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡಗಳು, ವಾರ್ಷಿಕ ಗ್ಯಾದರಿಂಗಿನ ತೋರಣ, ಸುತ್ತಿಟ್ಟ ಬ್ಯಾನರುಗಳು. ಒಂದನ್ನು ಎಳೆದು ಬಿಚ್ಚಿದೆ. ಸನ್ಮಾನದ ದಿನ ನನ್ನ ಮಗನ ಬೆನ್ನ ಹಿಂದೆ ಕಟ್ಟಿದ್ದ ಬ್ಯಾನರು. ಎಲ್ಲ ಮಕ್ಕಳೂ ಸಮಾನರು ಎಂದು ಬರೆದಿತ್ತು.

ಹೆಡ್ ಮಾಸ್ತರು ಓಡಿ ಬಂದರು. ಅವತ್ತು ಕೈಮುಗಿಯಲಿಲ್ಲ. "ಸರ್ಕಾರಿ ಆಸ್ತಿ ಅಕ್ಕಾರ ಇದು! ನಾ ಕಂಪ್ಲೇಂಟ್ ಕೊಡಬೇಕಾಕ್ಕೈತಿ!"

"ಕೊಡ್ರಿ. ಯಾಕ ಒಡದ್ಲು ಅಂತ ಅವರು ಕೇಳ್ತಾರಲ್ಲ, ಆಗ ಬಾಗಲದ ಮ್ಯಾಲಿನ ಬೋರ್ಡ್ ಓದಿ ಹೇಳ್ರಿ. ನಾಳೆ ಹೊಸಾ ಕೀಲಿ ಹಾಕಿಸಿದ್ರ ನಾಡದು ಮತ್ತ ಬರ್ತೇನಿ. ಕಲ್ಲು ನಮ್ಮ ಅಂಗಡ್ಯಾಗ ಭಾಳ ಅದಾವು."

ಕಂಪ್ಲೇಂಟು ಕೊಡಲಿಲ್ಲ, ಕೀಲಿಯನ್ನೂ ಹಾಕಲಿಲ್ಲ. ಕುಂಡಗಳನ್ನು ನಾನೇ ಹೊರಗಿಟ್ಟು, ಸೆರಗು ಸಿಕ್ಕಿಸಿಕೊಂಡು ಆ ಕೋಣೆ ತೊಳೆದೆ. ಆಮೇಲೆ ದಿನಾ ಊಟದ ಹೊತ್ತಿಗೆ ಅಂಗಡಿಯನ್ನು ಗಂಡನಿಗೆ ಬಿಟ್ಟು ಹೋಗಿ ಮಗನನ್ನು ಕುರ್ಚಿಯಿಂದ ಎತ್ತಿ ಕೂರಿಸುವುದು ನನ್ನ ಕೆಲಸವಾಯಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಹೋದಾಗ ಆ ಬಾಗಿಲು ಒಳಗಿನಿಂದ ಹಾಕಿತ್ತು. ಹೊರಗೆ ಏಳನೆಯ ತರಗತಿಯ ಹುಡುಗಿಯರು ಪಾಳಿ ಹಚ್ಚಿ ನಿಂತಿದ್ದರು. ನನ್ನನ್ನು ಕಂಡು ಹೆದರಿದರು. ಹೆಡ್ ಮಾಸ್ತರು ಹೇಳಿದ್ದು ಇದೇ ಇರಬೇಕು, ಎಲ್ಲರೂ ನುಗ್ಗುತ್ತಾರೆ ಎಂದು. ಇಲ್ಲಿಗೆ ಯಾಕೆ ಬಂದಿರಿ, ನಿಮ್ಮದು ಬೇರೆ ಇದೆಯಲ್ಲ ಎಂದು ಕೇಳಿದೆ. ಎರಡು ಜಡೆಯ ಒಬ್ಬಳು ಮೆತ್ತಗೆ ಹೇಳಿದಳು.

"ನಮ್ಮದಕ್ಕ ಚಿಲಕ ಇಲ್ರಿ ಆಂಟಿ. ನೀರೂ ಬರಂಗಿಲ್ಲ. ನಾವೂ ಸಾಲ್ಯಾಗ ನೀರು ಕುಡಿಯಂಗಿಲ್ರಿ."

ಒಬ್ಬನ ಸಲುವಾಗಿ, ಒಬ್ಬನ ಸಲುವಾಗಿ ಎನ್ನುತ್ತಿದ್ದರಲ್ಲ! ಇಷ್ಟು ಮಕ್ಕಳು, ನಡೆಯಲು ಓಡಲು ಬರುವ ಮಕ್ಕಳು, ಬಾಯಿ ಒಣಗಿಸಿಕೊಂಡು ಪಾಠ ಕಲಿಯುತ್ತಿದ್ದವು, ಮತ್ತು ಈ ಊರಿನ ಯಾವ ಮೀಟಿಂಗಿಗೂ ಅದು ಗೊತ್ತಿರಲಿಲ್ಲ. ತಾಯಂದಿರಾದ ನಮಗೂ ಗೊತ್ತಿರಲಿಲ್ಲ. ಕಾಲಿಲ್ಲದವನಿಗೆ ಬಾಗಿಲು ಹಾಕಿದ ಶಾಲೆ ಕಾಲಿದ್ದವರಿಗೆ ತೆರೆದಿರುತ್ತದೆ ಎಂದು ನಂಬಿದ್ದೆವು. ನೀವು ಇಲ್ಲಿಗೇ ಬರ್ರಿ, ಯಾರಾದರೂ ಬೈದರೆ ನನ್ನ ಹೆಸರು ಹೇಳ್ರಿ ಎಂದೆ. ನಿಮ್ಮ ನಲ್ಲಿ, ಚಿಲಕದ ಮಾತು ನಾಳೆ ನಾನೇ ಆಡುತ್ತೇನೆ ಎಂದೂ ಹೇಳಿದೆ.

ಅಷ್ಟರಲ್ಲಿ ಮಗನನ್ನು ಗೆಳೆಯನೊಬ್ಬ ತಳ್ಳಿಕೊಂಡು ಬಂದ. ಪಾಳಿಯ ಕೊನೆಗೆ ಕುರ್ಚಿ ನಿಂತಿತು. ಒಂದನೆಯ ತರಗತಿಯಿಂದ ಜೊತೆಗಿದ್ದ ಹುಡುಗಿಯರು, ಅವನ ಎದುರು ನಾಚಿಕೊಳ್ಳಲು ಅವರಿಗೆ ಆಗ ಪುರುಸೊತ್ತೂ ಇರಲಿಲ್ಲ. ಅವನು ಅವತ್ತು ಊಟದ ಜೊತೆ ಎರಡು ಲೋಟ ನೀರು ಕುಡಿದಿದ್ದ. ಸ್ವಲ್ಪ ಹೊತ್ತು ತಡೆದ. ಆಮೇಲೆ ಕೂಗಿದ.

"ಏ, ಒಳಗ ಯಾರದೀರಿ? ಲಗೂ ಬರ್ರಿ, ನನಗ ಅವಸರ ಐತಿ!"

ಒಳಗಿನಿಂದ ಒಂದು ದನಿ ತಿರುಗಿ ಬಂತು. "ಬಾಯಿ ಮುಚ್ಚೋ! ನಿನಗೊಬ್ಬಗ ಅವಸರೇನು? ನಿನ್ನ ಪಾಳಿ ಬಂದಾಗ ಬಾ!"

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಆ ಕುರ್ಚಿಯಲ್ಲಿ ಕೂತಂದಿನಿಂದ ನನ್ನ ಮಗನಿಗೆ ಈ ಊರಿನಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಕೆನ್ನೆ ಸವರಿದ್ದರು, ಕಣ್ಣೊರೆಸಿಕೊಂಡಿದ್ದರು, ದೇವರ ಮಗ ಎಂದಿದ್ದರು. ಬಾಯಿ ಮುಚ್ಚೋ ಎಂದವರಿಲ್ಲ. ಅವನ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ನೋಡ್ ಯವ್ವಾ, ಹೆಂಗ್ ಬೈತಾಳ!" ಎಂದ. ದೂರು ಹೇಳುತ್ತಿದ್ದವನ ನಗು ಕಿವಿಯವರೆಗೆ ಹರಿದಿತ್ತು.

"ನಾಳೆ ಬೆಲ್ ಆಗೂದ್ರಾಗ ನಾನ ಮದ್ಲ ಬರ್ತೇನಿ. ನೋಡ್ತಿರ್ರಿ ಎಲ್ಲಾರೂ" ಎಂದ.